ಮೊದಲು ಮನೆಗೆ, ಆಮೇಲೆ ಪೇಟೆಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಓದಿದ ರೈತ. ನನ್ನ ತಪ್ಪೊಂದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಒಂದು ವರ್ಷ ಕಣದಿಂದಲೇ ರಾಗಿಯನ್ನೆಲ್ಲಾ ಮಾರಿಬಿಟ್ಟೆ. ಮಳೆಗಾಲದಲ್ಲಿ ಪೇಟೆಯಿಂದ ಹಿಟ್ಟಿನ ಪ್ಯಾಕೆಟ್ ತಂದೆ. ನಮ್ಮವ್ವ ನೋಡಿ, "ಏನ್ಲಾ, ಬೆಳೆಯೋನೂ ನೀನೆ, ಕೊಳ್ಳೋನೂ ನೀನೇನಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹಿರಿಯರು ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಅವರೆ, ತೊಗರಿ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ರಾಗಿ ಹುಲ್ಲು ಹಸುವಿಗೆ, ಸಗಣಿ ತಿಪ್ಪೆಗೆ, ಗೊಬ್ಬರ ಮತ್ತೆ ಹೊಲಕ್ಕೆ. ಈಗ ಅಕ್ಕಡಿ ಸಾಲು ಎಷ್ಟು ಹೊಲದಲ್ಲಿದೆ, ನೀವೇ ಹೇಳಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪೇಟೆಯವರು ರಾಗಿ ಹುಡುಕುತ್ತಿದ್ದಾರೆ. ನಾವು ಮಕ್ಕಳ ಕೈಗೆ ಬಿಸ್ಕತ್ತು ಕೊಡುತ್ತಿದ್ದೇವೆ!

ಮಾರಬೇಡಿ ಅನ್ನುತ್ತಿಲ್ಲ. ಸಾಲ ತೀರಿಸಬೇಕು, ಮಕ್ಕಳ ಫೀಸು ಕಟ್ಟಬೇಕು, ನನಗೂ ಗೊತ್ತು. ಆದರೆ ಮನೆಗೆ ವರ್ಷದ ಕಾಳು, ಬಿತ್ತನೆಗೆ ಬೀಜ ಮೊದಲು ತೆಗೆದಿಡಿ. ಉಳಿದದ್ದು ಮಾರಿ. ನಾನೀಗ ಹಾಗೇ ಮಾಡುತ್ತಿದ್ದೇನೆ.

25 ವರ್ಷ ಈ ಸಂಘ ನಮ್ಮ ಕಷ್ಟಕ್ಕೆ ಆಗಿದೆ. ಇನ್ನು ಗೋದಾಮಿನ ಒಂದು ಮೂಲೆ ಅಕ್ಕಡಿ ಬೀಜಕ್ಕೆ ಮೀಸಲಾಗಲಿ. ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಒಂದೂಕಾಲು ಸೇರು ತಂದು ಹಾಕಲಿ. ಮೊದಲ ಸೇರು ಅವರೆ ನನ್ನದು. ಅವ್ವ ಆರಿಸಿ, ಬೂದಿ ಬೆರೆಸಿ ಇಟ್ಟಿದ್ದಾಳೆ.