ಗ್ರೀಕರ ರಂಗಭೂಮಿಯೂ ನಮ್ಮ ಬಯಲಾಟವೂ

ಬೆಳಗಾವಿಯಿಂದಲೂ ಖಾನಾಪುರದ ಕಡೆಯ ಹಳ್ಳಿಗಳಿಂದಲೂ ದಯಮಾಡಿಸಿರುವ ಶರಣಬಂಧುಗಳೇ, ತಾಯಂದಿರೇ,

ಮಠದ ಮಹೋತ್ಸವದಲ್ಲಿ ಗ್ರೀಕರ ನಾಟಕದ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ಜಾತ್ರೆಯ ರಾತ್ರಿ ಬಯಲಾಟವನ್ನು ಆಡಿಸಬೇಕೆ, ಬಿಡಬೇಕೆ ಎಂಬ ಪ್ರಶ್ನೆಯು ನಮ್ಮಲ್ಲಿ ಆಗಾಗ ಏಳುತ್ತಿರುವುದು. ಆಟವೆಂಬುದು ಬರಿಯ ವಿನೋದ, ಅದಕ್ಕೂ ಧರ್ಮಕ್ಕೂ ನಂಟಿಲ್ಲ, ಆಡುವವರು ಮಠದ ಅಂಗಳಕ್ಕೆ ತಕ್ಕವರಲ್ಲ ಎನ್ನುವವರೂ ಉಂಟು. ಈ ಪ್ರಶ್ನೆಯನ್ನು ಬಗೆಹರಿಸುವ ಮೊದಲು, ನಾಟಕವನ್ನೇ ಒಂದು ವ್ರತದಂತೆ ನಡೆಸಿದ ಜನಾಂಗವೊಂದರ ಪದ್ಧತಿಯನ್ನು ತಿಳಿಯುವುದು ಯುಕ್ತವೆಂದು ಭಾವಿಸಿದ್ದೇನೆ.

ನಮ್ಮ ಪ್ರಾಚೀನ ಗ್ರಂಥಗಳು ಯವನರೆಂದು ಕರೆದ ಗ್ರೀಕರಲ್ಲಿ, ಕ್ರಿಸ್ತಪೂರ್ವ 5ನೆಯ ಶತಮಾನದ ಅಥೆನ್ಸ್ ಪಟ್ಟಣದೊಳಗೆ, ಪ್ರತಿ ವಸಂತದಲ್ಲಿ ಡಯೋನಿಸಸ್ ಎಂಬ ದೇವತೆಯ ಉತ್ಸವವು ಜರುಗುತ್ತಿತ್ತು. ನಾಟಕಗಳು ಆ ಉತ್ಸವದ ಅಂಗವೇ ಆಗಿದ್ದವು. ಗುಡ್ಡದ ದಕ್ಷಿಣದ ಇಳಿಜಾರೇ ಪ್ರೇಕ್ಷಕರ ಆಸನ. ಕೆಳಗೆ ಮೇಳದವರು ಕುಣಿಯುವ ಅಂಗಳ. ಅದರ ಹಿಂದೆ ವೇಷ ಬದಲಿಸುವ ಮನೆ. ಮೇಲೆ ಮಾಡಿಲ್ಲ, ದೀಪವಿಲ್ಲ. ಹಗಲಿನ ಬೆಳಕಿನಲ್ಲಿಯೇ ಆಟ. ಮುಂದೆ 4ನೆಯ ಶತಮಾನದಲ್ಲಿ ಎಪಿಡೌರಸ್ ಎಂಬಲ್ಲಿ ಕಲ್ಲಿನಿಂದ ಕಟ್ಟಲು ತೊಡಗಿದ ರಂಗಸ್ಥಳವು ಇಂದಿಗೂ ನಿಂತಿದೆ. ಅದರ 55 ಸಾಲುಗಳಲ್ಲಿ ಸುಮಾರು 14,000 ಜನರು ಕುಳಿತುಕೊಳ್ಳಬಹುದು.

ಮಾತನಾಡುವ ನಟರು ಮೂವರೇ, ಮೂವರೂ ಪುರುಷರು. ಮುಖವಾಡವನ್ನು ಬದಲಿಸಿ, ರಾಜನೂ ರಾಣಿಯೂ ದೂತನೂ ಅವರೇ ಆಗತಕ್ಕದ್ದು. ಮೇಳದವರು ಮೊದಲಿಗೆ 12 ಮಂದಿ. ಸೊಫೋಕ್ಲಿಸ್ ಕವಿಯು 15ಕ್ಕೆ ಏರಿಸಿದನೆಂದು ಹೇಳುವರು. ಜೋಡುಕೊಳಲಿನ ದನಿಗೆ ಇವರು ಹಾಡುತ್ತ ಕುಣಿಯುತ್ತ, ನಾಯಕನಿಗೆ ಬುದ್ಧಿ ಹೇಳುವರು, ಹೆದರುವರು, ಮರುಗುವರು. ಊರಿನ ಅಂತಃಕರಣವೇ ಬಾಯಿ ಪಡೆದು ರಂಗದಲ್ಲಿ ನಿಂತಂತೆ ಇವರ ಸ್ಥಾನ. ಕೊಲೆ ಮೊದಲಾದ ಘೋರಕೃತ್ಯಗಳನ್ನು ಸಾಮಾನ್ಯವಾಗಿ ಕಣ್ಣೆದುರಿಗೆ ತೋರಿಸದೆ, ದೂತನೊಬ್ಬನು ಬಂದು ವರ್ಣಿಸುವನು. ನಮ್ಮ ಭರತಮುನಿಯೂ ಯುದ್ಧ ಮರಣಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರದೆ ಪ್ರವೇಶಕದಿಂದ ಸೂಚಿಸಬೇಕೆಂದು ವಿಧಿಸಿರುವನಷ್ಟೆ. ‘ಯವನಿಕಾ’ ಎಂಬ ಪದವನ್ನು ಹಿಡಿದು ನಮ್ಮ ತೆರೆಯು ಯವನರಿಂದ ಬಂದಿತೆಂದು ಕೆಲವರು ವಾದಿಸಿದರು. ಆದರೆ ಆ ಶತಮಾನದ ಗ್ರೀಕರ ರಂಗದಲ್ಲಿ ತೆರೆಯೇ ಇರಲಿಲ್ಲ. ಸಾದೃಶ್ಯವಿದ್ದ ಮಾತ್ರಕ್ಕೆ ಋಣವಿದೆಯೆಂದು ಎಣಿಸಲಾಗದು.

ಇನ್ನು ನಮ್ಮ ನೆಲವನ್ನು ನೋಡೋಣ. ಅಪರಾಳ ತಮ್ಮಣ್ಣನು ರಚಿಸಿ, ಇದೇ ಜಿಲ್ಲೆಯ ಕುಲಗೋಡ ತಮ್ಮಣ್ಣನು ಬೆಳೆಸಿದ ‘ಶ್ರೀಕೃಷ್ಣಪಾರಿಜಾತ’ವನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿಯೂ ಬಯಲೇ ರಂಗ. ಭಾಗವತನು ಪಾತ್ರಧಾರಿಯನ್ನು ನಿಲ್ಲಿಸಿ ‘ನೀನಾರು, ಬಂದ ಕಾರ್ಯವೇನು’ ಎಂದು ಕೇಳುವನು. ಸತ್ಯಭಾಮೆಯ ಗರ್ವವನ್ನು ಕೆಣಕುವನು. ಹಿಮ್ಮೇಳವು ಪದವನ್ನು ಎತ್ತಿಕೊಳ್ಳುವುದು. ಗ್ರೀಕರ ಮೇಳವು ಮಾಡಿದ ಕಾರ್ಯವನ್ನೇ ಇಲ್ಲಿ ಭಾಗವತನೂ ಹಿಮ್ಮೇಳವೂ ಮಾಡುವರು. ಬೈಲಹೊಂಗಲದ ಸೀಮೆಯಲ್ಲಿ ಹುಟ್ಟಿದ ‘ಸಂಗ್ಯಾ ಬಾಳ್ಯಾ’ದಲ್ಲಿ ಸ್ನೇಹವೇ ದ್ರೋಹವಾಗಿ ಕೊಲೆಯಲ್ಲಿ ಮುಗಿಯುವ ಕಥೆಯನ್ನು ಕಂಡವರಿಗೆ, ಗ್ರೀಕರ ರುದ್ರನಾಟಕವು ಪರದೇಶದ್ದೆಂದು ತೋರಲಾರದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಿಸಿದಾಗ ಈ ಬಾಂಧವ್ಯವನ್ನೇ ಕಂಡಿರಬೇಕು.

ವೆಚ್ಚದ ಮಾತು ಮುಖ್ಯವಾದುದು. ಅಥೆನ್ಸಿನಲ್ಲಿ ಮೇಳದ ಶಿಕ್ಷಣ, ವೇಷಭೂಷಣಗಳ ಭಾರವನ್ನು ಪ್ರತಿವರ್ಷವೂ ಸಿರಿವಂತ ಪೌರರು ಹೊರತಕ್ಕದ್ದೆಂಬ ನಿಯಮವಿತ್ತು. ಅದು ಕಂದಾಯವೂ ಹೌದು, ಗೌರವವೂ ಹೌದು. ಅದೇ ಉತ್ಸವದಲ್ಲಿ ಹತ್ತು ಗಣಗಳಿಂದ 50 ಪುರುಷರೂ 50 ಬಾಲಕರೂ ಮೇಳಗೀತಕ್ಕೆ ಇಳಿಯುತ್ತಿದ್ದರು. ಎಂದರೆ ಹಾಡುವವರೇ 1,000 ಮಂದಿ! ಒಮ್ಮೆ ಸ್ವತಃ ಹಾಡಿದವನು ಮರುವರ್ಷ ಎಚ್ಚತ್ತ ಪ್ರೇಕ್ಷಕನಾಗದೆ ಇರುವನೆ? ನಮ್ಮ ರೈತರೂ ಸುಗ್ಗಿ ತೀರಿದ ಮೇಲೆ ಮಾಸ್ತರನ ಬಳಿ ತಿಂಗಳುಗಟ್ಟಲೆ ಮಾತು ಕಲಿತು ಬಯಲಾಟಕ್ಕೆ ನಿಲ್ಲುವರು. ಉಳ್ಳವರು ಧನವನ್ನೂ ಇಲ್ಲದವರು ಕಂಠವನ್ನೂ ಸಮರ್ಪಿಸುವ ಈ ಪದ್ಧತಿಗೆ ನಮ್ಮಲ್ಲಿ ದಾಸೋಹವೆಂಬ ಹೆಸರು ಮೊದಲೇ ಇದೆ.

ಮತ್ತೊಂದು ಸಂಗತಿಯು ವಿಶೇಷವಾಗಿ ಖಾನಾಪುರದ ಬಂಧುಗಳು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಕ್ರಿಸ್ತಪೂರ್ವ 480ರಲ್ಲಿ ಪಾರಸಿಕರು ಅಥೆನ್ಸನ್ನು ಸುಟ್ಟರು. ಆ ವರ್ಷವೇ ಸಲಾಮಿಸ್ ಕಡಲಲ್ಲಿ ಸೋತರು. ಎಂಟೇ ವರ್ಷಗಳ ತರುವಾಯ, 472ರಲ್ಲಿ, ಈಸ್ಕಿಲಸ್ ಕವಿಯು ‘ಪಾರಸಿಕರು’ ನಾಟಕವನ್ನು ಆಡಿಸಿದನು. ಅದರಲ್ಲಿ ಗ್ರೀಕರ ಜಯಭೇರಿಗಿಂತ ವೈರಿಯ ತಾಯಿಯ ಶೋಕವೇ ಹೆಚ್ಚು ಕೇಳಿಸುವುದು. ಗೆದ್ದ ಜನ ಕುಳಿತು ಅದನ್ನು ಕೇಳಿದರು, ಬಹುಮಾನವನ್ನೂ ಕೊಟ್ಟರು. 1831ರಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ನಂದಗಡವು ಖಾನಾಪುರದ ಸೀಮೆಯಲ್ಲಿಯೇ ಇದೆ. ಲಾವಣಿಯಲ್ಲಿಯೂ ಆಟದಲ್ಲಿಯೂ ಆ ವೀರನನ್ನು ನೆನೆಯುವ ನಾವು, ಶೌರ್ಯದೊಂದಿಗೆ ಕರುಣೆಯನ್ನೂ ಕಲಿಯಬೇಕು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಸುವ ಸೀಮೆ ಇದು. ಮರಾಠಿ ಸಂಗೀತನಾಟಕದ ಆದ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದುದು ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ; ಅದೇ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾಸ್ವಯಂವರ’ಕ್ಕೆ ಪ್ರೇರಣೆಯಾದುದು ಕನ್ನಡ ನಾಡಿನ ಕರ್ಕಿಯ ಭಾಗವತಮೇಳ. ಕಲೆಯು ಇಲ್ಲಿ ಎಂದೂ ಗಡಿಯನ್ನು ಕೇಳಿಲ್ಲ.

ಕಡೆಯದಾಗಿ, ಆಡುವವರ ಯೋಗ್ಯತೆಯ ವಿಚಾರ. ಅಥೆನ್ಸಿನಲ್ಲಿ ನಟನಿಗೆ ಮರ್ಯಾದೆಯಿತ್ತು, ಆದರೆ ಸ್ತ್ರೀಗೆ ರಂಗವನ್ನು ಏರುವ ಅಧಿಕಾರವಿರಲಿಲ್ಲ. ನಮ್ಮಲ್ಲಿ ಕೌಜಲಗಿಯ ನಿಂಗಮ್ಮನಂಥವರು ಪಾರಿಜಾತವನ್ನು ಆಡಿ ಊರೂರಿಗೆ ರಸವನ್ನು ಉಣಿಸಿದರು. ಆದರೂ ರಾತ್ರಿ ಚಪ್ಪಾಳೆ ತಟ್ಟಿದ ಕೈಯೇ ಬೆಳಗಾದ ಮೇಲೆ ಇಂಥವರನ್ನು ದೂರ ನಿಲ್ಲಿಸಿದ ಉದಾಹರಣೆಗಳು ಕಡಮೆಯಲ್ಲ. ಇದು ಶರಣಧರ್ಮಕ್ಕೆ ಒಪ್ಪುವ ನಡತೆಯೆ? 12ನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನವರ ಕಾಯಕವು ವೇಷ ಕಟ್ಟುವುದು. ನಗೆಯ ಮಾರಿತಂದೆಗಳ ಕಾಯಕವು ನಗಿಸುವುದು. ಅವರ ವಚನಗಳನ್ನು ಶಿರಸಾ ವಹಿಸುವ ನಾವು, ಅವರ ಕಾಯಕವನ್ನೇ ಇಂದು ಮಾಡುವವರನ್ನು ಹೊಸ್ತಿಲಾಚೆ ಕೂಡ್ರಿಸಿದರೆ, ಆ ವಚನಗಳನ್ನು ಓದಿದುದು ವ್ಯರ್ಥವಲ್ಲವೆ?

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಜಾತ್ರೆಯ ಆಟವು ನಿಲ್ಲದಿರಲಿ. ಅದರ ವೆಚ್ಚವನ್ನು ಸರದಿಯಂತೆ ಸ್ಥಿತಿವಂತ ಭಕ್ತರು ಹೊರಲಿ. ಆಡಿ ದಣಿದವರಿಗೆ, ಅವರು ಯಾರೇ ಆಗಿರಲಿ, ಪ್ರಸಾದದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಎಲೆ ಬೀಳಲಿ. ಗ್ರೀಕರ ಆ ಉತ್ಸವವು ಅಳಿದುಹೋಗಿ ಶತಮಾನಗಳಾದವು. ಅವರ ಕಲ್ಲಿನ ಮೆಟ್ಟಲುಗಳು ಉಳಿದಿವೆ. ನಮ್ಮಲ್ಲಿ ಕಲ್ಲಿನ ಮೆಟ್ಟಲುಗಳಿಲ್ಲ, ಕಂಠಗಳಿವೆ. ಅವುಗಳನ್ನು ಕಾಯುವ ಹೊಣೆ ನಮ್ಮದು.