1839ರ ಎರಡು ಚಿತ್ರಗಳು



ಸಂಘದ ವಾರ್ಷಿಕೋತ್ಸವದಲ್ಲಿ ಬ್ರಿಟಿಷ್ ಚಿತ್ರಕಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಬದುಕು ಕಟ್ಟಿಕೊಂಡ ನಾಡಿನ ಚಿತ್ರಗಳಿವು. ನಮ್ಮ ಮಕ್ಕಳು ಇವನ್ನು ನೋಡಿಕೊಂಡೇ ಬೆಳೆಯುತ್ತಾರೆ. ಅವರೊಡನೆ ಕೂತು ಮಾತಾಡುವಷ್ಟಾದರೂ ನಮಗೆ ತಿಳಿದಿರಬೇಕಲ್ಲವೇ?

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹವನ್ನು ನೋಡಲು ಹಣ ಕೊಡಬೇಕಿಲ್ಲ. 1743ರ ಸುಮಾರಿಗೆ ಹೊಗಾರ್ತ್ ಬರೆದ ಆರು ಚಿತ್ರಗಳ ಸರಣಿ ಅಲ್ಲಿದೆ. ಸಾಲದಲ್ಲಿ ಮುಳುಗಿದ ಶ್ರೀಮಂತ ಮನೆತನದ ಮಗನಿಗೂ ಹಣವಂತ ವರ್ತಕನ ಮಗಳಿಗೂ ಕುದುರಿಸಿದ ಮದುವೆ, ಅದರ ದುರಂತ. ವರದಕ್ಷಿಣೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾನ್‌ಸ್ಟೆಬಲ್ 1821ರಲ್ಲಿ ಬರೆದ ‘ದಿ ಹೇ ವೇನ್’ ಚಿತ್ರದಲ್ಲಿ ಹೊಳೆಗಿಳಿದ ಬಂಡಿಯನ್ನು ಕಂಡರೆ ನಮ್ಮ ಹಳ್ಳಿಗಳೇ ನೆನಪಾಗುತ್ತವೆ.

ಈಗ 1839ಕ್ಕೆ ಬರೋಣ. ಆ ವರ್ಷ ಟರ್ನರ್ ಬರೆದ ‘ದಿ ಫೈಟಿಂಗ್ ಟೆಮೆರೇರ್’ 2020ರಲ್ಲಿ ಹೊರಬಂದ 20 ಪೌಂಡಿನ ನೋಟಿನ ಮೇಲೂ ಇದೆ. 1805ರ ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ ಹಡಗನ್ನು ಒಡೆದುಹಾಕಲು ಹೊಗೆಯುಗುಳುವ ಪುಟ್ಟ ಉಗಿದೋಣಿಯೊಂದು ಎಳೆದೊಯ್ಯುತ್ತಿದೆ. ಹಿಂದೆ ಸೂರ್ಯ ಮುಳುಗುತ್ತಿದ್ದಾನೆ.

ಅದೇ ವರ್ಷ ಡೇವಿಡ್ ವಿಲ್ಕಿ ಮುಗಿಸಿದ ದೊಡ್ಡ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಅದರ ವಸ್ತು ನಮ್ಮ ಶ್ರೀರಂಗಪಟ್ಟಣ, 1799ರ ಮೇ 4. ಸೇನಾಧಿಪತಿ ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಕೆಳಗೆ ಟಿಪ್ಪುವಿನ ಶವ. ಬೇರ್ಡ್‌ನ ಕಾಲಡಿ ಕಬ್ಬಿಣದ ಜಾಲರಿ; ಹಿಂದೆ ಅವನು ಅದೇ ಊರಿನಲ್ಲಿ ಸೆರೆಯಾಗಿದ್ದನೆಂಬ ಸೂಚನೆ ಅದು. ಚಿತ್ರ ಬರೆಸಿದವಳು ಬೇರ್ಡ್‌ನ ವಿಧವೆ. ವಿಲ್ಕಿ ಭಾರತವನ್ನು ಕಂಡವನೇ ಅಲ್ಲ.

ಈ ಚಿತ್ರದ ಮುಂದೆ ಮಗು ನಮ್ಮ ಮುಖ ನೋಡಿದರೆ ಏನು ಹೇಳೋಣ? ಕೋಪದಿಂದ ಕೈಹಿಡಿದು ಎಳೆದೊಯ್ಯುವುದೂ ಬೇಡ, ಬರಿಯ ಕಲೆಯೆಂದು ಹೊಗಳಿ ಸುಮ್ಮನಾಗುವುದೂ ಬೇಡ. ಬೆಳಕು ಯಾರ ಮೇಲೆ ಬಿದ್ದಿದೆ, ಹಣ ಕೊಟ್ಟು ಬರೆಸಿದವರು ಯಾರು ಎಂದು ಕೇಳಲು ಕಲಿಸೋಣ. ಶ್ರೀರಂಗಪಟ್ಟಣದ ಕಡೆಯಿಂದ ಆ ದಿನದ ಕಥೆಯನ್ನೂ ಕನ್ನಡದಲ್ಲಿ ಹೇಳೋಣ. ಆ ಅರ್ಧವನ್ನು ನಾವಲ್ಲದೆ ಇಲ್ಲಿ ಅವರಿಗೆ ಹೇಳುವವರು ಯಾರು?

1841ರಲ್ಲಿ ವಿಲ್ಕಿ ಹಡಗಿನಲ್ಲಿ ತೀರಿಕೊಂಡ. ಅವನ ನೆನಪಿಗೆ ಟರ್ನರ್ ಬರೆದ ಸಮುದ್ರ ಸಮಾಧಿಯ ಚಿತ್ರದಲ್ಲಿ ಹಡಗಿನ ಪಟಗಳು ಕಪ್ಪು. ಗೆಳೆಯನಿಗಾಗಿ ಮರುಗಿದ ಆ ಕಪ್ಪನ್ನೂ ನಮ್ಮ ಮಕ್ಕಳು ನೋಡಲಿ.