ನರ್ಸಿಂಗ್ ಕಲಿಕೆ: ಯಾವ ದಾರಿ, ಎಷ್ಟು ಪಗಾರ?

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಹಲವು ಮನೆಗಳಲ್ಲಿ ಇದಕ್ಕೆ ‘ನರ್ಸಿಂಗ್’ ಎಂಬ ಉತ್ತರ ಸಿಗುತ್ತದೆ. ಉತ್ತರ ಒಳ್ಳೆಯದೇ. ಆದರೆ ನರ್ಸಿಂಗ್ ಎಂಬುದು ಒಂದೇ ದಾರಿಯಲ್ಲ. ಯಾವ ದಾರಿಗೆ ಎಷ್ಟು ವರ್ಷ, ಎಷ್ಟು ಖರ್ಚು, ಕೊನೆಗೆ ಕೈಗೆ ಬರುವ ಪಗಾರವೆಷ್ಟು ಎಂದು ಲೆಕ್ಕ ಹಾಕದೆ ಹೊರಟರೆ, ಮಗಳು ಕಲಿತು ಮುಗಿಸುವಷ್ಟರಲ್ಲಿ ತಂದೆ ಸಾಲದಲ್ಲಿ ಮುಳುಗಿರುತ್ತಾನೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

‘ದಾದಿಯ ಕೆಲಸಕ್ಕೆ ಮಗಳನ್ನು ಕಳಿಸುವುದೇ? ರಾತ್ರಿ ಪಾಳಿ ಬೇರೆ!’ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮೂರು ಪಾಳಿಗಳಲ್ಲಿ ಗಿರಣಿ ನಡೆಸಿದವರು ನಾವು. ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿ ಮುಂಬಯಿಗೆ ಚಹಾ-ತಿಂಡಿ ಕೊಟ್ಟವರು ನಾವು. ಪಾಳಿಯ ದುಡಿಮೆ ಹೀನವೆನ್ನುವ ಬಾಯಿ ನಮ್ಮದಾಗಬಾರದು. ಇದು ಹೆಂಗಸರ ಕೆಲಸವಷ್ಟೇ ಎಂಬ ತಿಳಿವಳಿಕೆಯೂ ಸರಿಯಲ್ಲ. ಮುಂದೆ ಹೇಳುವ ಮೂರು ದಾರಿಗಳಲ್ಲಿ ಎರಡು ಹುಡುಗರಿಗೂ ತೆರೆದಿವೆ.

ಮೊದಲನೆಯದು ಎ.ಎನ್.ಎಂ. ಎರಡು ವರ್ಷದ ಕಲಿಕೆ, ಹೆಣ್ಣುಮಕ್ಕಳಿಗೆ ಮಾತ್ರ. ಹನ್ನೆರಡನೆಯ ತರಗತಿಯಲ್ಲಿ ಕಲೆಯೋ ವಿಜ್ಞಾನವೋ, ಯಾವುದಾದರೂ ನಡೆಯುತ್ತದೆ. ಲಸಿಕೆ, ಹೆರಿಗೆ, ಬಾಣಂತಿ ಮತ್ತು ಮಗುವಿನ ಆರೈಕೆ ಇವರ ಮುಖ್ಯ ಕೆಲಸ. ಎರಡನೆಯದು ಜಿ.ಎನ್.ಎಂ. ಮೂರು ವರ್ಷ. ಹನ್ನೆರಡನೆಯ ತರಗತಿಯಲ್ಲಿ ಇಂಗ್ಲಿಷ್ ಇದ್ದು ನೂರಕ್ಕೆ 40 ಅಂಕ ಬಂದಿರಬೇಕು. ಮೂರನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ನೂರಕ್ಕೆ 45 ಅಂಕ ಬೇಕು, ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಪರಿಶಿಷ್ಟರಿಗೆ ಅಂಕದಲ್ಲಿ ರಿಯಾಯಿತಿ ಉಂಟು.

ಇವು ಮೂರೂ ಒಂದೇ ಏಣಿಯ ಮೆಟ್ಟಿಲುಗಳು. ಎ.ಎನ್.ಎಂ. ಆದವಳು ಮುಂದೆ ಜಿ.ಎನ್.ಎಂ. ಸೇರಬಹುದು. ಜಿ.ಎನ್.ಎಂ. ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು, ಅಲ್ಲಿಂದ ಎಂ.ಎಸ್ಸಿ. ಮಾಡಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮಟ್ಟಕ್ಕೂ ಏರಬಹುದು. ಕೆಳಗಿನ ಮೆಟ್ಟಿಲಿನಿಂದ ಹೊರಟವರು ಕೆಳಗೇ ಉಳಿಯಬೇಕಾಗಿಲ್ಲ.

ಏಣಿಗೆ ಸೇರದ ಹಲಗೆಯೂ ಒಂದಿದೆ. ‘ಆರು ತಿಂಗಳಲ್ಲಿ ನರ್ಸ್ ಆಗಿ’ ಎಂದು ಬೋರ್ಡು ಹಾಕಿ ಹಣ ಕೀಳುವವರಿದ್ದಾರೆ. ಅಂಥ ಸರ್ಟಿಫಿಕೇಟಿನಿಂದ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಲು ಬರುವುದಿಲ್ಲ. ನೋಂದಣಿ ಇಲ್ಲದವರು ಆಯಾ ಆಗಬಹುದು, ನರ್ಸ್ ಆಗಲಾರರು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು, ಅದು ದೊಡ್ಡ ಮಾತು. ಆದರೆ ಈ ವಿದ್ಯೆ ರಾತ್ರಿ ಶಾಲೆಯಲ್ಲಾಗಲಿ ಅಂಚೆಯ ಮೂಲಕವಾಗಲಿ ಬರುವುದಿಲ್ಲ. ರೋಗಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ಆದ್ದರಿಂದ ಶಾಲೆ ಆರಿಸುವಾಗ, ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ರೋಗಿಗಳು ಬರುತ್ತಾರೆಯೇ ಎಂದು ಕಣ್ಣಾರೆ ನೋಡಿ ಬನ್ನಿ. ಗಿರಣಿಗಳ ನಡುವೆ, ಪರೇಲಿನಲ್ಲಿ, 1926ರಲ್ಲಿ ತೆರೆದ ಮುನಿಸಿಪಾಲಿಟಿಯ ಕೆ.ಇ.ಎಂ. ಆಸ್ಪತ್ರೆಯಂಥ ಕಡೆ ಕಲಿತವರ ಕೈ ಪಳಗುವುದು ಇದೇ ಕಾರಣಕ್ಕೆ.

ಇನ್ನು ಪಗಾರದ ಮಾತು. ಕೇಂದ್ರ ಸರ್ಕಾರದ ಆಸ್ಪತ್ರೆಯ ನರ್ಸಿಂಗ್ ಆಫೀಸರರ ಆರಂಭದ ಮೂಲ ವೇತನವನ್ನು 2016ರಿಂದ ಅನ್ವಯವಾದ ಏಳನೆಯ ವೇತನ ಆಯೋಗ ತಿಂಗಳಿಗೆ 44,900 ರೂ. ಎಂದು ನಿಗದಿ ಮಾಡಿತು. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ. ಖಾಸಗಿ ಆಸ್ಪತ್ರೆಗಳ ಕಥೆ ಬೇರೆ. ಅಲ್ಲಿನ ನರ್ಸುಗಳ ದುಃಸ್ಥಿತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರಲ್ಲಿ ಕೋರ್ಟಿನ ಆದೇಶದಂತೆ ಒಂದು ಸಮಿತಿ ರಚನೆಯಾಯಿತು. ಆ ಸಮಿತಿ ಹಾಸಿಗೆಗಳ ಲೆಕ್ಕದಲ್ಲಿ ವೇತನ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸಿಗೆ ಸಮನಾಗಿ ಕೊಡಬೇಕು. 100ಕ್ಕಿಂತ ಹೆಚ್ಚಿದ್ದರೆ ನೂರಕ್ಕೆ ಹತ್ತರಷ್ಟು, 50ರಿಂದ 100ರವರೆಗೆ ಇದ್ದರೆ ನೂರಕ್ಕೆ 25ರಷ್ಟು ಕಡಿಮೆಯಾಗಬಹುದು, ಅದಕ್ಕಿಂತ ಇಳಿಯಬಾರದು. 50ಕ್ಕಿಂತ ಕಡಿಮೆ ಹಾಸಿಗೆಯದಾದರೂ 20,000 ರೂ.ಗೆ ಕಡಿಮೆ ಇರಬಾರದು.

ಸಮಿತಿ ಹೇಳಿದ್ದು ಶಿಫಾರಸು. ಅದನ್ನು ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ. ಕೇರಳದ ನರ್ಸುಗಳು 2017ರಲ್ಲಿ ಒಗ್ಗಟ್ಟಾಗಿ ಹೋರಾಡಿದರು. 2018ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರ 20,000 ರೂ. ಕನಿಷ್ಠ ವೇತನದ ಆಜ್ಞೆ ಹೊರಡಿಸಿತು. ಸಂಘಟನೆಯಿಲ್ಲದ ಕಡೆಗಳಲ್ಲಿ ಇದಕ್ಕಿಂತ ಕಡಿಮೆಗೆ ದುಡಿಸುವ ನರ್ಸಿಂಗ್ ಹೋಮುಗಳು ಉಂಟು. ಸಂಘದ ಬೆಲೆ ಏನೆಂಬುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

ಈಗ ಸಾಲದ ಲೆಕ್ಕ. ಖಾಸಗಿ ಕಾಲೇಜಿನ ಬಿ.ಎಸ್ಸಿ.ಗಾಗಿ ನಾಲ್ಕು ಲಕ್ಷ ಸಾಲ ಮಾಡಿದೆವು ಎಂದಿಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಾದರೆ ತಿಂಗಳಿಗೆ ಬಡ್ಡಿಯೇ 4,000 ರೂ. ಲೇವಾದೇವಿಯವನ ಹತ್ತಿರ ತಿಂಗಳಿಗೆ ನೂರಕ್ಕೆ ಎರಡರಂತೆ ತಂದಿದ್ದರೆ 8,000 ರೂ. ಮಗಳ ಮೊದಲ ಪಗಾರ 20,000 ರೂ. ಆದರೆ ಬಡ್ಡಿ, ಊಟ, ಕೋಣೆ ಬಾಡಿಗೆ ಕಳೆದು ಅಸಲಿಗೆ ಏನು ಉಳಿದೀತು? ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ವಿಜ್ಞಾನ ಓದಿದ್ದು, ಸರ್ಕಾರಿ ಸೀಟು ಸಿಕ್ಕರೆ ಬಿ.ಎಸ್ಸಿ.ಯೇ ಮೇಲು. ಸಿಗದಿದ್ದರೆ, ದೊಡ್ಡ ಸಾಲ ಮಾಡಿ ಖಾಸಗಿ ಬಿ.ಎಸ್ಸಿ.ಗೆ ಹೋಗುವುದಕ್ಕಿಂತ ಒಳ್ಳೆಯ ಆಸ್ಪತ್ರೆಯ ಜಿ.ಎನ್.ಎಂ. ವಾಸಿ. ಒಂದು ವರ್ಷ ಮೊದಲೇ ದುಡಿಮೆ ಶುರುವಾಗುತ್ತದೆ, ಪದವಿಯನ್ನು ಆಮೇಲೂ ಪಡೆಯಬಹುದು. ಮನೆಗೆ ಬೇಗ ಆಸರೆ ಬೇಕಾದವರು ಎ.ಎನ್.ಎಂ. ಹಿಡಿಯಲಿ, ಆದರೆ ಅದನ್ನು ಮೊದಲ ಮೆಟ್ಟಿಲೆಂದೇ ತಿಳಿಯಲಿ. ನಿಮ್ಮ ಪಗಾರದಿಂದ ಇ.ಎಸ್.ಐ. ಕಡಿತವಾಗುತ್ತಿದ್ದರೆ ಅವರ ಕಚೇರಿಯಲ್ಲೂ ವಿಚಾರಿಸಿ. ನಿಗಮದ ಕಾಲೇಜುಗಳಲ್ಲಿ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಸೀಟು ಕಾದಿರಿಸುವ ಪದ್ಧತಿ ಇದೆ.

ಕಲಿತಾದ ಮೇಲಿನ ಮೊದಲ ಕೆಲಸದಲ್ಲಿ ಬಹಳ ಮಂದಿ ಎಡವುತ್ತಾರೆ. ಮನೆಯ ಹತ್ತಿರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನವರು ಸಾವಿರ ರೂಪಾಯಿ ಹೆಚ್ಚು ಕೊಡುತ್ತಾರೆಂದು ಅಲ್ಲಿಗೆ ಸೇರುತ್ತಾರೆ. ಏಮ್ಸ್ ಆಸ್ಪತ್ರೆಗಳ ನೇಮಕಾತಿ ಪರೀಕ್ಷೆ ಬರೆಯಲು ಜಿ.ಎನ್.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಸಣ್ಣ ಜಾಗದಲ್ಲಿ ಐದು ವರ್ಷ ಸವೆಸಿದರೂ ಆ ಬಾಗಿಲು ತೆರೆಯದು. ಹೀಗಾಗಿ ಪಗಾರ ಕೇಳುವ ಮೊದಲು ಹಾಸಿಗೆ ಎಣಿಸಿ.

ಇನ್ನೊಂದು ಎಚ್ಚರಿಕೆ. ಕೆಲಸಕ್ಕೆ ಸೇರುವಾಗ ಮೂಲ ಸರ್ಟಿಫಿಕೇಟುಗಳನ್ನು ಯಾರ ಕಪಾಟಿನಲ್ಲೂ ಇಡಬೇಡಿ, ನಕಲು ಕೊಡಿ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಮಗ್ಗದ ಮೇಲೆ ಪಳಗಿದ ಕೈಗಳಿಗೆ ಬೇರೆಡೆ ಕೆಲಸವಿರಲಿಲ್ಲ. ನರ್ಸಿನ ಕಸುಬು ಹಾಗಲ್ಲ. ಒಂದು ಆಸ್ಪತ್ರೆ ಮುಚ್ಚಿದರೆ ಇನ್ನೊಂದಿದೆ, ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ಕೌನ್ಸಿಲಿನಲ್ಲಿ ನೋಂದಾಯಿಸಿಕೊಳ್ಳಬಹುದು. ಆ ಸ್ವಾತಂತ್ರ್ಯವೆಲ್ಲ ಇರುವುದು ಆ ಕಾಗದದಲ್ಲಿ.

ಗಲ್ಫಿನ ಆಸೆ ತೋರಿಸುವ ದಲ್ಲಾಳಿಗಳ ವಿಷಯದಲ್ಲೂ ಜಾಗ್ರತೆ ಇರಲಿ. ಕುವೈತಿನ ನರ್ಸ್ ಕೆಲಸಕ್ಕೆಂದು, ಸುಮಾರು ಇಪ್ಪತ್ತು ಸಾವಿರ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ 19 ಲಕ್ಷಕ್ಕೂ ಮೇಲೆ ಕಿತ್ತ ಪ್ರಕರಣ 2015ರಲ್ಲಿ ಕೊಚ್ಚಿಯಲ್ಲಿ ಬಯಲಾಯಿತು. ಸರ್ಕಾರದಲ್ಲಿ ನೋಂದಾಯಿತರಾದ ಏಜೆಂಟರ ಹೊರತು ಬೇರೆಯವರಿಗೆ ಪಾಸ್‌ಪೋರ್ಟು ಕೊಡಬೇಡಿ.

ಬಂಧುಗಳೇ, ಮಕ್ಕಳನ್ನು ಕೂರಿಸಿಕೊಂಡು ಅಂಕಪಟ್ಟಿ, ಮನೆಯ ಆದಾಯ, ಸಾಲದ ಬಡ್ಡಿ ಇವು ಮೂರನ್ನೂ ಒಂದೇ ಕಾಗದದ ಮೇಲೆ ಬರೆಯಿರಿ. ಮಗಳಿಗೋ ಮಗನಿಗೋ ರೋಗಿಯ ಸೇವೆಯಲ್ಲಿ ಮನಸ್ಸಿದೆಯೇ ಎಂದೂ ಕೇಳಿ. ಅರ್ಜಿಯ ವಿಷಯದಲ್ಲಿ ತೊಡಕಾದರೆ ಭಾನುವಾರ ಸಂಘದ ಕಚೇರಿಗೆ ಬನ್ನಿ, ಕೂಡಿ ನೋಡೋಣ.